650 ವ್ಯಾಟ್ ಅಂದರೆ ಎಷ್ಟು ಹೊತ್ತು?

ಗೇಮಿಂಗ್ ಕಂಪ್ಯೂಟರ್ ಅಸೆಂಬಲ್ ಮಾಡಿಸಲು ಹೊರಟವರ ಪಟ್ಟಿ ನೋಡಿದ್ದೀರಾ? ಗ್ರಾಫಿಕ್ಸ್ ಕಾರ್ಡಿನ ಬಗ್ಗೆ ತಿಂಗಳುಗಟ್ಟಲೆ ಚರ್ಚೆ ನಡೆದಿರುತ್ತದೆ. ಪ್ರೊಸೆಸರ್, ರ‍್ಯಾಮ್, ಕೊನೆಗೆ ಕ್ಯಾಬಿನೆಟ್ಟಿನ ಗಾಜು, ಬಣ್ಣದ ಲೈಟು ಎಲ್ಲದಕ್ಕೂ ಲೆಕ್ಕ ಇರುತ್ತದೆ. ಕೊನೆಯ ಸಾಲಿನಲ್ಲಿ ಮಾತ್ರ 'ಎಸ್‌ಎಂಪಿಎಸ್ 650 ವ್ಯಾಟ್, ಯಾವುದಾದರೂ' ಅಂತ ಬರೆದಿರುತ್ತದೆ. ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿನ ಭಾಗಗಳಿಗೆ ಬೇಕಾದಂತೆ ಬದಲಿಸಿ ಕೊಡುವ ಪವರ್ ಸಪ್ಲೈ. ಬಜೆಟ್ ಮೀರಿದಾಗ ಮೊದಲು ಕತ್ತರಿ ಬೀಳುವುದೂ ಅದಕ್ಕೇ. ಆಟದಲ್ಲಿ ಅದು ಒಂದು ಫ್ರೇಮನ್ನೂ ಜಾಸ್ತಿ ಮಾಡುವುದಿಲ್ಲವಲ್ಲ!

ನನ್ನ ತಕರಾರು ಆ 'ಯಾವುದಾದರೂ' ಅನ್ನುವುದರ ಬಗ್ಗೆ. ಡಬ್ಬದ ಮೇಲಿನ ವ್ಯಾಟ್ ಸಂಖ್ಯೆ ಅರ್ಧ ಮಾತು ಅಷ್ಟೇ. ಅಷ್ಟು ಶಕ್ತಿಯನ್ನು ಎಷ್ಟು ಬೇಗ ಕೊಡುತ್ತದೆ, ಗೋಡೆಯಿಂದ ಕರೆಂಟ್ ತಪ್ಪಿದಾಗ ಎಷ್ಟು ಹೊತ್ತು ತಡೆದುಕೊಳ್ಳುತ್ತದೆ, ಎಷ್ಟು ವರ್ಷ ಬಾಳುತ್ತದೆ ಅನ್ನುವುದು ಆ ಸಂಖ್ಯೆಯಲ್ಲಿ ಎಲ್ಲೂ ಇಲ್ಲ.

ಒಂದು ಸಾಧಾರಣ ಗೇಮಿಂಗ್ ಪಿಸಿ ತೆಗೆದುಕೊಳ್ಳೋಣ. ಎಎಂಡಿಯ ರೈಜೆನ್ 5 7600 ಪ್ರೊಸೆಸರ್, ಎನ್‌ವಿಡಿಯಾದ ಆರ್‌ಟಿಎಕ್ಸ್ 5070 ಕಾರ್ಡ್. ಪ್ರೊಸೆಸರ್ ಡಬ್ಬದ ಮೇಲೆ 65 ವ್ಯಾಟ್ ಅಂತ ಇದ್ದರೂ ಸಾಕೆಟ್‌ನಿಂದ ಅದು 88 ವ್ಯಾಟ್‌ವರೆಗೆ ಎಳೆಯಬಹುದು. ಕಾರ್ಡಿನ ಮಿತಿ 250 ವ್ಯಾಟ್. ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನುಗಳಿಗೆಲ್ಲ ಸೇರಿ 60 ಅಂತ ಇಡಿ. ಒಟ್ಟು 400ರ ಹತ್ತಿರ. ಆದರೆ ಈ ಕಾರ್ಡಿಗೆ ಎನ್‌ವಿಡಿಯಾ ಹೇಳುವುದು 650 ವ್ಯಾಟ್ ಬೇಕು ಅಂತ. ಉಳಿದ 250 ವ್ಯಾಟ್ ಯಾಕೆ? ಸುಮ್ನೆ ಖರ್ಚು ಮಾಡಿಸಲಿಕ್ಕಾ?

ಅಲ್ಲ. 250 ವ್ಯಾಟ್ ಅನ್ನುವುದು ಸರಾಸರಿ ಮಾತ್ರ. ಗ್ರಾಫಿಕ್ಸ್ ಚಿಪ್ಪಿನಲ್ಲಿ ಸಾವಿರಾರು ಕೋಟಿ ಟ್ರಾನ್ಸಿಸ್ಟರುಗಳಿವೆ. ಅವು ಎಷ್ಟು ಬಾರಿ ಆನ್-ಆಫ್ ಆಗುತ್ತವೆಯೋ ಅಷ್ಟು ಶಕ್ತಿ ಬೇಕು. ವೋಲ್ಟೇಜ್ ಒಂದಿಷ್ಟು ಏರಿದರೆ ಖರ್ಚು ಅದರ ವರ್ಗದ ಪ್ರಮಾಣದಲ್ಲಿ ಏರುತ್ತದೆ. ಆಟದಲ್ಲಿ ಒಂದು ದೃಶ್ಯ ಮುಗಿದು ಇನ್ನೊಂದು ಶುರುವಾಗುವಾಗ, ಖಾಲಿ ಕೂತಿದ್ದ ಭಾಗಗಳೆಲ್ಲ ಒಟ್ಟಿಗೇ ಕೆಲಸಕ್ಕೆ ಇಳಿಯುತ್ತವೆ. ಕಾರ್ಡಿನ ನಿಯಂತ್ರಣ ವ್ಯವಸ್ಥೆ 'ಮಿತಿ ದಾಟಿತು' ಎಂದು ಅಳೆದು ವೇಗ ತಗ್ಗಿಸುವ ಮೊದಲೇ ಒಂದು ಕ್ಷಣ ಶಕ್ತಿ ಜಿಗಿದುಬಿಟ್ಟಿರುತ್ತದೆ. 2020ರಲ್ಲಿ ಬಂದ ಆರ್‌ಟಿಎಕ್ಸ್ 3090ರ ಮಿತಿ 350 ವ್ಯಾಟ್. ಅದು ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು 500 ದಾಟುವುದನ್ನು ಪರೀಕ್ಷಕರು ಅಳೆದು ತೋರಿಸಿದರು. ಒಳ್ಳೆಯ ಬ್ರ್ಯಾಂಡಿನ ಎಸ್‌ಎಂಪಿಎಸ್‌ಗಳೂ ಆಗ ಆಟದ ಮಧ್ಯೆ ದಿಢೀರನೆ ಆಫ್ ಆಗುತ್ತಿದ್ದವು. ಅವು ಕೆಟ್ಟಿರಲಿಲ್ಲ. ಓವರ್‌ಲೋಡ್ ಅಂತ ತಿಳಿದು ತಮ್ಮನ್ನು ತಾವು ಕಾಪಾಡಿಕೊಳ್ಳುತ್ತಿದ್ದವು.

ಇದರ ಪರಿಣಾಮವಾಗಿ ನಿಯಮವೇ ಬದಲಾಯಿತು. ಕಂಪ್ಯೂಟರಿನ ಪವರ್ ಸಪ್ಲೈ ಹೇಗಿರಬೇಕು ಅನ್ನುವ ಎಟಿಎಕ್ಸ್ ಮಾನದಂಡವನ್ನು ಇಂಟೆಲ್ 1995ರಲ್ಲಿ ತಂದಿತ್ತು. 2022ರ ಎಟಿಎಕ್ಸ್ 3.0 ಆವೃತ್ತಿಯಲ್ಲಿ, ದೊಡ್ಡ ಕಾರ್ಡುಗಳಿಗೆ ಹೊಸ ಕನೆಕ್ಟರ್ ಇರುವ ಎಸ್‌ಎಂಪಿಎಸ್ ತನ್ನ ವ್ಯಾಟಿನ ಎರಡರಷ್ಟನ್ನು 100 ಮೈಕ್ರೋಸೆಕೆಂಡ್ ತಾಳಿಕೊಳ್ಳಬೇಕು ಅಂತ ಸೇರಿಸಿದರು. ಹಾಗಾಗಿ ಹೊಸ ಮಾನದಂಡದ 650 ವ್ಯಾಟೂ ಹತ್ತು ವರ್ಷ ಹಳೆಯ 650 ವ್ಯಾಟೂ ಒಂದೇ ಅಲ್ಲ.

ಹಾಗಂತ ರಕ್ಷಣೆಯ ಮಿತಿಯನ್ನು ಎಷ್ಟು ಮೇಲಕ್ಕಾದರೂ ಇಡಬಹುದಾ? 2021ರಲ್ಲಿ ಗಿಗಾಬೈಟ್ ಕಂಪನಿಯ 750 ವ್ಯಾಟಿನ ಒಂದು ಮಾದರಿ ಪರೀಕ್ಷೆಯಲ್ಲಿ ಢಮ್ಮೆಂದದ್ದು ದೊಡ್ಡ ಸುದ್ದಿಯಾಯಿತು. ಓವರ್‌ಲೋಡ್ ಆದಾಗ ಆಫ್ ಆಗುವ ಮಿತಿ ಅದರಲ್ಲಿ ಶೇ. 120ರಿಂದ 150ರವರೆಗೆ ಇತ್ತು. ಕಂಪನಿ ಆಮೇಲೆ ಅದನ್ನು ಶೇ. 110–120ಕ್ಕೆ ಇಳಿಸಿತು. ಒಂದು ಕ್ಷಣದ ಜಿಗಿತವನ್ನು ಬಿಟ್ಟುಕೊಡಬೇಕು, ನಿಜವಾದ ಓವರ್‌ಲೋಡನ್ನು ಬಿಡಬಾರದು. ಈ ಎರಡರ ವ್ಯತ್ಯಾಸ ತಿಳಿಯುವ ಸರ್ಕ್ಯೂಟ್‌ಗೇ ನಾವು ಜಾಸ್ತಿ ದುಡ್ಡು ಕೊಡುವುದು.

ಈಗ ಲೇಬಲ್ ಓದುವ ವಿಷಯ. ಎಸ್‌ಎಂಪಿಎಸ್ 12, 5 ಮತ್ತು 3.3 ವೋಲ್ಟ್‌ಗಳನ್ನು ಕೊಡುತ್ತದೆ. ಇವತ್ತಿನ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಬಹುಪಾಲು 12 ವೋಲ್ಟ್ ಮೇಲೆಯೇ ಬದುಕುತ್ತವೆ. ಹಾಗಾಗಿ ಲೇಬಲ್ಲಿನ ಕೋಷ್ಟಕದಲ್ಲಿ 12 ವೋಲ್ಟ್ ಮುಂದೆ ಎಷ್ಟು ಆಂಪಿಯರ್ ಇದೆ ನೋಡಿ, 12ರಿಂದ ಗುಣಿಸಿ. ಒಳ್ಳೆಯ 650 ವ್ಯಾಟಿನದ್ದರಲ್ಲಿ 54 ಆಂಪಿಯರ್ ಇರುತ್ತದೆ. ಅಂದರೆ 648 ವ್ಯಾಟ್. ಅಗ್ಗದ ಡಬ್ಬದ ಮೇಲೆ ದಪ್ಪಕ್ಷರದಲ್ಲಿ 450 ವ್ಯಾಟ್ ಅಂತಿದ್ದು, 12 ವೋಲ್ಟ್ ಮುಂದೆ ಬರೀ 16 ಆಂಪಿಯರ್ ಇದ್ದರೆ ನಿಮಗೆ ಸಿಗುವುದು 192 ವ್ಯಾಟ್. ಮೇಲಿನ ಪಿಸಿಗೆ ಸುಮಾರು 33 ಆಂಪಿಯರ್ ಬೇಕು. ಬೆಂಗಳೂರಿನ ಎಸ್‌ಪಿ ರೋಡಿನ ಯಾವ ಅಂಗಡಿಯಲ್ಲಾದರೂ ಸರಿ, ಡಬ್ಬ ತಿರುಗಿಸಿ ಈ ಒಂದು ಗುಣಾಕಾರ ಮಾಡಲು ಸಂಕೋಚ ಬೇಡ.

ನಮ್ಮ ಕಡೆ ಇನ್ನೊಂದು ವಿಷಯ ಇದೆ. ವಿದೇಶದ ವಿಮರ್ಶೆಗಳಲ್ಲಿ ಇದರ ಪ್ರಸ್ತಾಪ ಅಷ್ಟಾಗಿ ಬರುವುದಿಲ್ಲ. ಅದೇ, ಕರೆಂಟ್ ಹೋಗುವುದು. ಯುಪಿಎಸ್ ಅಥವಾ ಮನೆಯ ಇನ್ವರ್ಟರ್ ಇದ್ದರೂ ಅದು ಬ್ಯಾಟರಿಗೆ ಬದಲಾಗಲು ಕೆಲವು ಮಿಲಿಸೆಕೆಂಡ್ ಬೇಕು. ಆ ಸಂದಿಯಲ್ಲಿ ಕಂಪ್ಯೂಟರನ್ನು ಬದುಕಿಸುವುದು ಎಸ್‌ಎಂಪಿಎಸ್ ಒಳಗಿನ ಒಂದು ದಪ್ಪ ಕೆಪಾಸಿಟರ್. ಮನೆ ಮೇಲಿನ ನೀರಿನ ಟ್ಯಾಂಕ್ ಇದ್ದ ಹಾಗೆ. ಗೋಡೆಯ 230 ವೋಲ್ಟ್ ಎಸಿಯನ್ನು ಮೊದಲು ಸುಮಾರು 390 ವೋಲ್ಟ್ ಡಿಸಿ ಮಾಡಿ ಅದರಲ್ಲಿ ತುಂಬುತ್ತಾರೆ. ಅಲ್ಲಿಂದ ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಕತ್ತರಿಸಿ, ಪುಟ್ಟ ಟ್ರಾನ್ಸ್‌ಫಾರ್ಮರ್ ಮೂಲಕ ಕೆಳಗಿಳಿಸಿ 12 ವೋಲ್ಟ್ ಮಾಡುತ್ತಾರೆ.

ಲೆಕ್ಕ ಹಾಕಿ ನೋಡಿ. 470 ಮೈಕ್ರೋಫ್ಯಾರಡ್ ಕೆಪಾಸಿಟರ್ 390 ವೋಲ್ಟ್‌ನಿಂದ 300ಕ್ಕೆ ಇಳಿಯುವಷ್ಟರಲ್ಲಿ ಸುಮಾರು 14.6 ಜೂಲ್ ಶಕ್ತಿ ಬಿಟ್ಟುಕೊಡುತ್ತದೆ. 400 ವ್ಯಾಟಿನ ಪಿಸಿಗೆ ಅದು ಸೋರಿಕೆ ಕಳೆದು 30 ಮಿಲಿಸೆಕೆಂಡಿಗೆ ಸಾಕು. ಯುಪಿಎಸ್‌ಗೆ ಬದಲಾಗಲು ಸಾಮಾನ್ಯವಾಗಿ 10 ಮಿಲಿಸೆಕೆಂಡ್ ಆಸುಪಾಸು ಬೇಕಾಗುತ್ತದೆ, ಹಾಗಾಗಿ ಪಾಸ್. ಆದರೆ ಅಗ್ಗದ ಮಾದರಿಯಲ್ಲಿ ಮೊದಲು ಚಿಕ್ಕದಾಗುವುದೇ ಈ ಕೆಪಾಸಿಟರ್. ಪೂರ್ತಿ ಲೋಡಿನಲ್ಲಿ ಅದು 10 ಮಿಲಿಸೆಕೆಂಡೂ ತಡೆಯದೆ ಹೋದರೆ ಯುಪಿಎಸ್ ಇದ್ದೂ ಪಿಸಿ ರೀಸ್ಟಾರ್ಟ್ ಆಗುತ್ತದೆ. ಬೈಗುಳ ಮಾತ್ರ ಯುಪಿಎಸ್‌ಗೆ! ಇನ್ವರ್ಟರಿನಲ್ಲಿ 'ಯುಪಿಎಸ್ ಮೋಡ್' ಸ್ವಿಚ್ ಇದ್ದರೆ ಅದನ್ನು ಹಾಕಿಡಿ. ಇನ್ನೊಂದು ಮೋಡ್‌ನಲ್ಲಿ ಬದಲಾಗಲು ಜಾಸ್ತಿ ಹೊತ್ತು ಹಿಡಿಯುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿ ಇರುವ 600 ವಿಎ ಯುಪಿಎಸ್‌ನ ನಿಜವಾದ ಸಾಮರ್ಥ್ಯ 360 ವ್ಯಾಟ್ ಮಾತ್ರ. ಆಟದ ಮಧ್ಯೆ ನಮ್ಮ ಪಿಸಿ ಗೋಡೆಯಿಂದ ಎಳೆಯುವುದು 440ರ ಮೇಲೆ. ಅಲ್ಲಿ ಎಂಥ ಎಸ್‌ಎಂಪಿಎಸ್ ಇದ್ದರೂ ಪ್ರಯೋಜನವಿಲ್ಲ.

ಹಳೆಯ ಮನೆಗಳಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಅಲ್ವಾ? ಎಸ್‌ಎಂಪಿಎಸ್ ಕೆಟ್ಟಿದೆ ಅಂತ ಬದಲಾಯಿಸುವವರಿದ್ದಾರೆ. ಹೊಸದು ಹಾಕಿದರೂ ಜುಮ್ಮೆನ್ನುತ್ತದೆ. ಕರೆಂಟಿನ ಗದ್ದಲ (ನಾಯ್ಸ್) ತಡೆಯುವ ಫಿಲ್ಟರಿನ ಎರಡು ಪುಟ್ಟ ಕೆಪಾಸಿಟರುಗಳು ಲೈನ್ ಮತ್ತು ನ್ಯೂಟ್ರಲ್ ಎರಡನ್ನೂ ಲೋಹದ ಡಬ್ಬಕ್ಕೆ ಜೋಡಿಸಿರುತ್ತವೆ. ಅರ್ತಿಂಗ್ ಇಲ್ಲದಿದ್ದರೆ ಡಬ್ಬ 230ರ ಅರ್ಧ ವೋಲ್ಟೇಜಿಗೆ ಬಂದು ನಿಲ್ಲುತ್ತದೆ. ಹರಿಯುವ ಕರೆಂಟ್ ತೀರಾ ಚೂರು, ಆದರೆ ಕೈಗೆ ಗೊತ್ತಾಗುತ್ತದೆ. ಇಲ್ಲಿ ಕರೆಸಬೇಕಾದ್ದು ಎಲೆಕ್ಟ್ರಿಷಿಯನ್ನನ್ನು.

ಇನ್ನು ಬ್ರಾಂಝ್, ಗೋಲ್ಡ್ ಅನ್ನುವ 80 ಪ್ಲಸ್ ಬಿರುದುಗಳು. ಅವು ಹೇಳುವುದು ದಕ್ಷತೆ ಒಂದನ್ನೇ. 400 ವ್ಯಾಟ್ ಲೋಡಿಗೆ ಶೇ. 85 ದಕ್ಷತೆಯದ್ದು ಗೋಡೆಯಿಂದ 470 ಎಳೆದರೆ ಶೇ. 90ರದ್ದು 444 ಎಳೆಯುತ್ತದೆ. ದಿನಕ್ಕೆ 4 ಗಂಟೆ ಆಡಿದರೆ ವರ್ಷಕ್ಕೆ 38 ಯೂನಿಟ್ ಉಳಿತಾಯ. ಯೂನಿಟ್‌ಗೆ 6 ರೂಪಾಯಿ ಹಿಡಿದರೂ 230 ರೂಪಾಯಿ ಆಯಿತು. ಬಿಲ್ ಉಳಿಸಲಿಕ್ಕೆ ಗೋಲ್ಡ್ ಕೊಳ್ಳಿ ಅಂತ ನಾನು ಹೇಳುವುದಿಲ್ಲ. ಸೋರಿದ ಶಕ್ತಿ ಎಸ್‌ಎಂಪಿಎಸ್ ಒಳಗೇ ಬಿಸಿಯಾಗುತ್ತದೆ, ಆ ಬಿಸಿ ಕೆಪಾಸಿಟರುಗಳನ್ನು ಒಣಗಿಸುತ್ತದೆ. ನನಗೆ ಮುಖ್ಯ ಅನ್ನಿಸುವುದು ಅದು.

ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಬಗ್ಗೆ ಎಂಜಿನಿಯರುಗಳ ಬಾಯಿಲೆಕ್ಕ ಹೀಗಿದೆ: 10 ಡಿಗ್ರಿ ತಣ್ಣಗಾದರೆ ಆಯುಸ್ಸು ಎರಡರಷ್ಟು. 105 ಡಿಗ್ರಿಯಲ್ಲಿ 2000 ಗಂಟೆ ಬಾಳುವ ಕೆಪಾಸಿಟರ್ 65 ಡಿಗ್ರಿಯಲ್ಲಿ 32,000 ಗಂಟೆ ಬಾಳುತ್ತದೆ. 85 ಡಿಗ್ರಿಯಲ್ಲಿ ಅಷ್ಟೇ 2000 ಗಂಟೆ ಬಾಳುವ ಅಗ್ಗದ್ದು ಅದೇ 65ರಲ್ಲಿ 8,000 ಗಂಟೆ. ದಿನಕ್ಕೆ 4 ಗಂಟೆ ಅಂದರೆ ಒಂದು 20 ವರ್ಷ ದಾಟುತ್ತದೆ, ಇನ್ನೊಂದು ಐದೂವರೆ ವರ್ಷಕ್ಕೆ ಸುಸ್ತು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಕೋಣೆಯೇ 40 ಡಿಗ್ರಿ ಮುಟ್ಟುತ್ತದೆ. ಹಾಗಾಗಿ ಡಬ್ಬದ ಮೇಲಿನ ವ್ಯಾಟ್ ಯಾವ ಉಷ್ಣಾಂಶಕ್ಕೆ ಅನ್ನುವುದನ್ನೂ ನೋಡಿ. ಒಳ್ಳೆಯವು 40 ಅಥವಾ 50 ಡಿಗ್ರಿ ಅಂತ ಬರೆಯುತ್ತವೆ. ಏನೂ ಬರೆಯದಿದ್ದರೆ ನಾನಂತೂ ಅನುಮಾನ ಪಡುತ್ತೇನೆ.

ಹಾಗಾದರೆ ಭಯಕ್ಕೆ 1000 ವ್ಯಾಟ್ ಕೊಂಡರೆ? 575 ವ್ಯಾಟಿನ ಆರ್‌ಟಿಎಕ್ಸ್ 5090 ಹಾಕುವವರಿಗೆ ಅದು ಬೇಕೇ ಬೇಕು. ಉಳಿದವರಿಗೆ ಬೇಡ. ದೊಡ್ಡದಾದ ಮಾತ್ರಕ್ಕೆ ಪಿಸಿ ಜಾಸ್ತಿ ಕರೆಂಟ್ ಎಳೆಯುವುದಿಲ್ಲ, ನಿಜ. ಆದರೆ ಅದೇ ದುಡ್ಡಿಗೆ ಕಳಪೆ 1000 ವ್ಯಾಟ್ ಬದಲು ಒಳ್ಳೆಯ 650 ಅಥವಾ 750 ವ್ಯಾಟ್ ಸಿಗುತ್ತದೆ. ಲೋಡ್ ಸಾಮರ್ಥ್ಯದ ಅರ್ಧ, ಮುಕ್ಕಾಲರ ಮಧ್ಯೆ ಇದ್ದರೆ ದಕ್ಷತೆಯೂ ಚೆನ್ನಾಗಿರುತ್ತದೆ, ಫ್ಯಾನಿನ ಸದ್ದೂ ಕಡಿಮೆ.

ಕೇಬಲ್ ಬಗ್ಗೆ ಎರಡು ಮಾತು. ಹೊಸ 16 ಪಿನ್ ಕನೆಕ್ಟರಿನಲ್ಲಿ 600 ವ್ಯಾಟ್ ಹರಿಯುವಾಗ ಪ್ರತಿ ಪವರ್ ಪಿನ್ನಿಗೆ 8 ಆಂಪಿಯರ್ ಮೇಲೆ ಬೀಳುತ್ತದೆ. ಪೂರ್ತಿ ಒಳಗೆ ಕೂರದಿದ್ದರೆ ಕೆಲವೇ ಪಿನ್ನುಗಳು ಭಾರ ಹೊತ್ತು ಬಿಸಿಯಾಗುತ್ತವೆ. 2022ರಲ್ಲಿ ಆರ್‌ಟಿಎಕ್ಸ್ 4090 ಕಾರ್ಡುಗಳ ಕನೆಕ್ಟರುಗಳು ಕರಗಿದ ಕೆಲವು ಪ್ರಕರಣಗಳಲ್ಲಿ ಹೀಗೇ ಆಗಿತ್ತು. ಕ್ಲಿಕ್ ಅನ್ನುವವರೆಗೆ ಒತ್ತಿ, ಬುಡದಲ್ಲೇ ಬಗ್ಗಿಸಬೇಡಿ. ಹಳೆಯ 8 ಪಿನ್ ಕಾರ್ಡಿನಲ್ಲಿ ಎರಡು ಕನೆಕ್ಟರ್ ಇದ್ದರೆ ಒಂದೇ ಕೇಬಲ್ಲಿನ ಎರಡು ತುದಿ ಸಿಕ್ಕಿಸುವ ಬದಲು ಎರಡು ಕೇಬಲ್ ಎಳೆಯಿರಿ. ಮತ್ತೆ, ಎಸ್‌ಎಂಪಿಎಸ್ ಬದಲಾಯಿಸುವಾಗ ಹಳೆಯದರ ಬಿಚ್ಚುವ ಕೇಬಲ್‌ಗಳನ್ನು ಹೊಸದಕ್ಕೆ ಹಾಕಲೇಬೇಡಿ, ಎರಡೂ ಒಂದೇ ಕಂಪನಿಯವಾದರೂ. ಕಾರ್ಡಿನ ಕಡೆಯ ಪಿನ್ನುಗಳಿಗೆ ಮಾನದಂಡ ಇದೆ, ಎಸ್‌ಎಂಪಿಎಸ್ ಕಡೆಯವಕ್ಕೆ ಇಲ್ಲ. 5 ವೋಲ್ಟ್ ಇರಬೇಕಾದಲ್ಲಿ 12 ಬಂದರೆ ಹಾರ್ಡ್ ಡಿಸ್ಕ್ ಅಲ್ಲೇ ಸುಟ್ಟು ಹೋಗುತ್ತದೆ, ಒಳಗಿದ್ದ ಫೋಟೊಗಳ ಸಮೇತ.