ಕದ್ದುಮುಚ್ಚಿ ಹಾಕಿದ ಲಿಂಕಿಗೆ ಎಷ್ಟು ತೂಕ?

'ಒಂದೇ ವಾರದಲ್ಲಿ ಐದು ಸಾವಿರ ಬ್ಯಾಕ್‌ಲಿಂಕ್, ಗೂಗಲ್‌ನ ಮೊದಲ ಪುಟ ಗ್ಯಾರಂಟಿ.' ಸ್ವಂತ ವೆಬ್‌ಸೈಟ್ ಇಟ್ಟುಕೊಂಡವರಿಗೆ ಇಂಥ ಇಮೇಲ್ ಬರುತ್ತಲೇ ಇರುತ್ತವೆ. ನಂಬಿ ದುಡ್ಡು ಕೊಡುವವರೂ ಇದ್ದಾರೆ. ಬ್ಯಾಕ್‌ಲಿಂಕ್ ಅಂದರೆ ಬೇರೆ ಸೈಟ್‌ನಿಂದ ನಮ್ಮ ಸೈಟಿಗೆ ಬರುವ ಲಿಂಕ್. ಆ ಲಿಂಕುಗಳು ಬೀಳುವುದು ಎಲ್ಲಿ? ಯಾವುದೋ ಕಾಲೇಜಿನ ಹಳೇ ಗೆಸ್ಟ್‌ಬುಕ್‌ನಲ್ಲಿ, ದಿಕ್ಕಿಲ್ಲದ ವಿಕಿಯಲ್ಲಿ, ಪ್ರಶ್ನೋತ್ತರ ತಾಣದ ಖಾಲಿ ಪ್ರೊಫೈಲ್‌ನಲ್ಲಿ. ಯಾರು ಬೇಕಾದರೂ ಬಂದು ಬರೆಯಬಹುದಾದ ಜಾಗಗಳು ಇವು. ಈ ಉಪಾಯ ಒಂದು ಕಾಲದಲ್ಲಿ ನಡೆಯುತ್ತಿತ್ತು, ನಿಜ. ಈಗಲೂ ನಡೆಯುತ್ತದೆ ಅನ್ನುವುದು ಸುಮ್ನೆ ವ್ಯಾಪಾರದ ಮಾತು.

ಆಗ ಯಾಕೆ ನಡೆಯುತ್ತಿತ್ತು ಅನ್ನುವುದರಲ್ಲಿ ಒಂದು ಸೊಗಸಾದ ಲೆಕ್ಕ ಇದೆ. ನನಗೆ ಅದೇ ಇಷ್ಟ, ಹಾಗಾಗಿ ಅಲ್ಲೇ ಸ್ವಲ್ಪ ನಿಲ್ಲುತ್ತೇನೆ.

1990ರ ದಶಕದ ಸರ್ಚ್ ಎಂಜಿನ್‌ಗಳು ಮುಖ್ಯವಾಗಿ ಪುಟದಲ್ಲಿದ್ದ ಪದಗಳನ್ನು ನೋಡುತ್ತಿದ್ದವು. ಮೋಸ ಸುಲಭವಿತ್ತು. ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಬೇಕಾದ ಪದವನ್ನು ನೂರು ಸಲ ಬರೆದರೆ ಆಯಿತು. 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ (ಗೂಗಲ್ ಕಟ್ಟಿದವರು ಇವರೇ) ಪ್ರಶ್ನೆಯನ್ನೇ ತಿರುಗಿಸಿದರು. ಪುಟ ತನ್ನ ಬಗ್ಗೆ ಏನು ಹೇಳಿಕೊಳ್ಳುತ್ತದೆ ಅನ್ನುವುದನ್ನು ಬಿಡಿ, ಬೇರೆಯವರು ಅದರತ್ತ ಕೈ ತೋರಿಸುತ್ತಾರಾ ನೋಡಿ ಅಂದರು. ಹೊಸ ಊರಿಗೆ ಹೋದಾಗ ಒಳ್ಳೇ ಹೋಟೆಲ್ ಯಾವುದು ಅಂತ ನಾವು ಬೋರ್ಡ್ ಓದಿ ತೀರ್ಮಾನಿಸುವುದಿಲ್ಲ, ಆಟೋದವರನ್ನು ಕೇಳುತ್ತೇವೆ, ಅಲ್ವಾ?

ಈ ಯೋಚನೆ ಪೂರ್ತಿ ಹೊಸದಲ್ಲ. ಒಂದು ಸಂಶೋಧನಾ ಲೇಖನವನ್ನು ಇನ್ನೆಷ್ಟು ಲೇಖನಗಳು ಉಲ್ಲೇಖಿಸಿವೆ ಅಂತ ಎಣಿಸುವ ಸೂಚಿಯನ್ನು ಅಮೆರಿಕದ ಯೂಜೀನ್ ಗಾರ್‌ಫೀಲ್ಡ್ 1960ರ ದಶಕದಲ್ಲೇ ಹೊರತಂದಿದ್ದರು. 1976ರಲ್ಲಿ ಗೇಬ್ರಿಯಲ್ ಪಿನ್ಸ್ಕಿ ಮತ್ತು ಫ್ರಾನ್ಸಿಸ್ ನರಿನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ತೂಕದ ಪತ್ರಿಕೆಯಿಂದ ಬಂದ ಉಲ್ಲೇಖಕ್ಕೆ ಜಾಸ್ತಿ ತೂಕ ಕೊಡಬೇಕು ಅಂದರು. ಹಾಗಾದರೆ ಆ ಪತ್ರಿಕೆಗೆ ತೂಕ ಬಂದದ್ದು ಹೇಗೆ? ಅದನ್ನು ಉಲ್ಲೇಖಿಸಿದವರ ತೂಕದಿಂದ. ಸುತ್ತಿ ಸುತ್ತಿ ಬರುವ ಈ ಲೆಕ್ಕವನ್ನು ಗಣಿತ ಬಿಡಿಸಬಲ್ಲದು. ಆದರೆ ಅಲ್ಲಿ ಸಂಪಾದಕರಿದ್ದರು, ಪರಿಶೀಲನೆ ಇತ್ತು. ಉಲ್ಲೇಖವನ್ನು ರಾತ್ರೋರಾತ್ರಿ ಹೊರಗಿನವರು ಬಂದು ಸೇರಿಸುವಂತಿರಲಿಲ್ಲ. ವೆಬ್‌ನಲ್ಲಿ ಆ ಕಾವಲು ಇರಲಿಲ್ಲ.

ಈಗ ಪೇಜ್ ಮತ್ತು ಬ್ರಿನ್ ಅವರ ಲೆಕ್ಕ. ಒಬ್ಬ ಅಲೆಮಾರಿ ಓದುಗನನ್ನು ಊಹಿಸಿಕೊಳ್ಳಿ. ಅವನು ಪುಟದಲ್ಲಿ ಕಂಡ ಯಾವುದೋ ಲಿಂಕ್ ಒತ್ತುತ್ತಾನೆ, ಮುಂದಿನ ಪುಟದಲ್ಲೂ ಹಾಗೇ ಮಾಡುತ್ತಾನೆ. ನೂರರಲ್ಲಿ 85 ಸಲ ಹೀಗೆ ಸಾಗುತ್ತಾನೆ. ಉಳಿದ 15 ಸಲ ಬೇಜಾರಾಗಿ, ಇಡೀ ವೆಬ್‌ನಲ್ಲಿ ಎಲ್ಲಾದರೂ ಒಂದು ಪುಟಕ್ಕೆ ಹಾರುತ್ತಾನೆ. ಇದು ಅನಂತ ಕಾಲ ನಡೆದರೆ ಅವನು ಯಾವ ಪುಟದಲ್ಲಿ ಎಷ್ಟು ಹೊತ್ತು ಇರುತ್ತಾನೋ ಅದೇ ಆ ಪುಟದ ಪೇಜ್‌ರ‍್ಯಾಂಕ್. ಲೆಕ್ಕಕ್ಕೆ ಅನುಕೂಲ ಆಗಲಿ ಅಂತ ಪುಟದ ಸರಾಸರಿ ತೂಕವನ್ನು 1 ಅಂತ ಇಟ್ಟುಕೊಳ್ಳೋಣ.

ತೂಕ 1 ಇರುವ ಪುಟದಲ್ಲಿ ನಾಲ್ಕು ಲಿಂಕ್ ಇದ್ದರೆ ಒಂದೊಂದಕ್ಕೆ ಸಿಗುವುದು 0.85ರ ಕಾಲು ಭಾಗ, ಅಂದರೆ 0.2125. ಅದೇ ತೂಕದ ಗೆಸ್ಟ್‌ಬುಕ್ ಪುಟಕ್ಕೆ ಸ್ಪ್ಯಾಮರ್‌ಗಳು ನುಗ್ಗಿ 2,000 ಲಿಂಕ್ ತುಂಬಿದರೆ ಒಂದೊಂದಕ್ಕೆ 0.000425. ಗುಂಪು ಹೆಚ್ಚಾದಷ್ಟೂ ಅವರ ಪಾಲು ಅವರೇ ತಿಂದು ಹಾಕುತ್ತಾರೆ. 'ಲಿಂಕ್ ಅಂದರೆ ಒಂದು ವೋಟು, ಹೆಚ್ಚು ಲಿಂಕ್ ಅಂದರೆ ಹೆಚ್ಚು ವೋಟು' ಅಂತ ಎಲ್ಲರೂ ಹೇಳುವ ಮಾತು ಇಲ್ಲೇ ತಪ್ಪುತ್ತದೆ. ಈ ಚುನಾವಣೆಯಲ್ಲಿ ಎಲ್ಲ ವೋಟಿಗೂ ಒಂದೇ ಬೆಲೆ ಇಲ್ಲ.

ಹಾಗಾದರೆ ಸ್ಪ್ಯಾಮ್ ಗೆದ್ದದ್ದು ಹೇಗೆ? ಆ 15 ನೋಡಿ. ಅಲೆಮಾರಿ ಎಲ್ಲಿಗೆ ಬೇಕಾದರೂ ಹಾರಬಹುದಾದ್ದರಿಂದ ನಿನ್ನೆ ಹುಟ್ಟಿದ ಖಾಲಿ ಪುಟಕ್ಕೂ 0.15 ತೂಕ ಪುಕ್ಕಟೆಯಾಗಿ ಸಿಗುತ್ತದೆ. ಯಾರು ಬೇಕಾದರೂ ಖಾತೆ ತೆರೆಯಬಹುದಾದ ತಾಣದಲ್ಲಿ ಒಂದು ಖಾತೆಗೆ ಒಂದು ಪ್ರೊಫೈಲ್ ಪುಟ. ಅದರಲ್ಲಿ ನನ್ನದೊಂದೇ ಲಿಂಕ್ ಇದ್ದರೆ ನನಗೆ 0.1275 ಬಂತು. ಆ ಗೆಸ್ಟ್‌ಬುಕ್‌ನ 300 ಲಿಂಕಿಗೆ ಸಮ! ಸದಸ್ಯರ ಪಟ್ಟಿಯಿಂದ ಆ ಪುಟಕ್ಕೆ ಲಿಂಕ್ ಇದ್ದರೆ ತಾಣದ ಸ್ವಂತ ತೂಕವೂ ಅಷ್ಟಿಷ್ಟು ಹರಿದು ಬರುತ್ತದೆ. ಒಂದು ಬಾಟ್ (ತಾನಾಗಿ ಕೆಲಸ ಮಾಡುವ ಪ್ರೋಗ್ರಾಂ) ಬಿಟ್ಟು ಸಾವಿರಾರು ಖಾತೆ ತೆರೆಸಿದರೆ ತೂಕವನ್ನೇ ಟಂಕಿಸಿದ ಹಾಗೆ. ಲಿಂಕ್ ಹಾಕುವುದಕ್ಕಿಂತ ಪುಟ ಹುಟ್ಟಿಸುವುದರಲ್ಲೇ ಅಸಲಿ ಲಾಭ ಇತ್ತು.

ಇದರ ಜೊತೆಗೆ ಲಿಂಕಿನ ಪದಗಳೂ ಎಣಿಕೆಗೆ ಬರುತ್ತಿದ್ದವು. 2003ರಲ್ಲಿ ಒಂದಷ್ಟು ಜನ 'ಮಿಸರಬಲ್ ಫೇಲ್ಯೂರ್' ಅನ್ನುವ ಪದಗಳನ್ನು ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಅವರ ಅಧಿಕೃತ ಪರಿಚಯ ಪುಟಕ್ಕೆ ಲಿಂಕ್ ಮಾಡಿದರು. ಪುಟದಲ್ಲಿ ಆ ಪದಗಳೇ ಇರಲಿಲ್ಲ. ಆದರೂ ಹುಡುಕಿದರೆ ಮೊದಲು ಬರುತ್ತಿದ್ದದ್ದು ಅದೇ. ಗೂಗಲ್ ಇದನ್ನು ಸರಿಪಡಿಸಿದ್ದು 2007ರಲ್ಲಿ.

2004ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಯಾಹೂ ಸಂಶೋಧಕರು ಟ್ರಸ್ಟ್‌ರ‍್ಯಾಂಕ್ ಅನ್ನುವ ಮದ್ದು ಸೂಚಿಸಿದರು. ಬೇಜಾರಾದಾಗ ಅಲೆಮಾರಿ ಎಲ್ಲೆಲ್ಲೋ ಹಾರುವುದು ಬೇಡ, ಮನುಷ್ಯರು ನೋಡಿ ಒಪ್ಪಿದ ಕೆಲವೇ ಪುಟಗಳಿಗೆ ಮಾತ್ರ ಹಾರಲಿ ಅಂತ. ಒಂದೇ ಬದಲಾವಣೆ, ಪುಕ್ಕಟೆ 0.15 ಮಾಯ. ಇದನ್ನು ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತದೆ.

2005ರ ಜನವರಿಯಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್‌ನ ಎಂಎಸ್‌ಎನ್ ಒಟ್ಟಾಗಿ 'ನೋಫಾಲೋ' ತಂದವು. ಲಿಂಕಿಗೆ ಈ ಗುರುತು ಹಾಕಿದರೆ ಓದುಗರು ಒತ್ತಬಹುದಿತ್ತು, ತೂಕ ಮಾತ್ರ ಹರಿಯುತ್ತಿರಲಿಲ್ಲ. (2019ರಿಂದ ಗೂಗಲ್ ಇದನ್ನು ಒಂದು ಸುಳಿವಾಗಿ ಮಾತ್ರ ನೋಡುತ್ತದೆ.) ಇಂಗ್ಲಿಷ್ ವಿಕಿಪೀಡಿಯಾ 2007ರಲ್ಲಿ ತನ್ನ ಎಲ್ಲ ಹೊರಲಿಂಕುಗಳಿಗೂ ಇದನ್ನು ಹಾಕಿತು. ಸ್ಪ್ಯಾಮ್ ನಿಂತಿತಾ? ಇಲ್ಲ. ಬಾಟ್‌ಗೆ ಇನ್ನೊಂದು ಲಿಂಕ್ ಹಾಕಲು ಖರ್ಚೇ ಇಲ್ಲದಿದ್ದಾಗ ಗುರುತು ಇದೆಯಾ ಅಂತ ನೋಡುವುದೇ ದಂಡ.

2012ರ ಏಪ್ರಿಲ್‌ನಲ್ಲಿ ಬಂದ ಗೂಗಲ್‌ನ 'ಪೆಂಗ್ವಿನ್' ಬದಲಾವಣೆ ಕಠಿಣವಾಗಿತ್ತು. ಇಂಥ ಲಿಂಕ್ ಕೊಂಡವರ ಸೈಟ್‌ಗಳೇ ಕೆಳಗಿಳಿದವು. ಆಗ ಹುಟ್ಟಿದ ಭಯ ಇನ್ನೂ ಹೋಗಿಲ್ಲ: ಎದುರಾಳಿ ನನ್ನ ಸೈಟಿಗೆ ಕೆಟ್ಟ ಲಿಂಕ್ ಸುರಿದು ಮುಳುಗಿಸಿದರೆ? ಇದಕ್ಕೆ ಪರಿಹಾರ ಮಾಡಿಕೊಡುತ್ತೇವೆ ಅಂತ ದುಡ್ಡು ಕೀಳುವವರೂ ಇದ್ದಾರೆ. 2016ರಿಂದ ಪೆಂಗ್ವಿನ್ ಸೈಟನ್ನು ಕೆಳಗಿಳಿಸುವ ಬದಲು ಆ ಲಿಂಕುಗಳ ಬೆಲೆ ಕಳೆಯುತ್ತದೆ. ಲಿಂಕುಗಳನ್ನು ತಿರಸ್ಕರಿಸಲು ಗೂಗಲ್ ಒಂದು ಸಾಧನ ಇಟ್ಟಿದೆ, ಆದರೆ ಬಹುತೇಕ ಸೈಟ್‌ಗಳಿಗೆ ಅದು ಬೇಕಿಲ್ಲ ಅಂತ ಅದೇ ಹೇಳುತ್ತದೆ.

ನಿಜವಾಗಿ ಪೆಟ್ಟು ತಿನ್ನುವುದು ಜಾಗ ಕೊಟ್ಟವರು. ಬಳಕೆದಾರರು ತುಂಬಿದ ಸ್ಪ್ಯಾಮ್ ಅಂತಲೇ ಗೂಗಲ್‌ನಲ್ಲಿ ಪ್ರತ್ಯೇಕ ದಂಡನೆ ಇದೆ. ಕಸ ಹೆಚ್ಚಾದರೆ ಅದರ ಜೊತೆ ತಾಣದ ಒಳ್ಳೇ ಪುಟಗಳೂ ಹಿಂದೆ ಬೀಳಬಹುದು. ತಾಣ ನಡೆಸುವವರು ಮಾಡಬೇಕಾದದ್ದು ಇಷ್ಟೇ: 2019ರಲ್ಲಿ ಗೂಗಲ್ ತಂದ 'ಯುಜಿಸಿ' (ಇದು ಬಳಕೆದಾರರು ಹಾಕಿದ್ದು ಅಂತ ಹೇಳುವ) ಗುರುತನ್ನು ಬಳಕೆದಾರರ ಲಿಂಕುಗಳಿಗೆ ಹಾಕಿ, ಹೊಸ ಸದಸ್ಯರ ಮೊದಲ ಬರಹಗಳನ್ನು ನೋಡಿದ ಮೇಲೆಯೇ ಪ್ರಕಟಿಸಿ, ಏನೂ ಬರೆಯದ ಸದಸ್ಯರ ಪ್ರೊಫೈಲ್ ಪುಟಗಳನ್ನು ಸರ್ಚ್ ಎಂಜಿನ್‌ಗೆ ಸಿಗದಂತೆ 'ನೋಇಂಡೆಕ್ಸ್' ಮಾಡಿ. ಈ ಮೂರನೆಯದನ್ನೇ ಹೆಚ್ಚಿನವರು ಮರೆಯುತ್ತಾರೆ.