ಪ್ಲಗ್ ಕೂತರೆ ಎಬಿಎಸ್ ಮಾಡ್ಯೂಲ್ ಕೂತಂಗಾ?

ಪ್ರಶ್ನೆ: ಎಬಿಎಸ್ ಲೈಟ್ ಹತ್ತಿದೆ, ಮಾಡ್ಯೂಲ್ ಹೋಗಿದೆ ಅಂದರು. ಹೊಸದಕ್ಕೆ ಸಿಕ್ಕಾಪಟ್ಟೆ ರೇಟು. ಅದೇ ಮಾಡೆಲ್ ಕಾರಿನದು ಗುಜರಿಯಲ್ಲಿ ಸಿಕ್ಕಿದೆ, ಪ್ಲಗ್ಗೂ ಸರಿಯಾಗಿ ಕೂರುತ್ತೆ. ಹಾಕಿಸಬಹುದಾ ಸರ್? (ಓದುಗರು, ದಾವಣಗೆರೆ)

ಪ್ರತಿ ಮಳೆಗಾಲಕ್ಕೂ ಈ ಪ್ರಶ್ನೆ ಬರುತ್ತೆ, ನಾನೂ ಅದೇ ಉತ್ತರ ಬರೀತೀನಿ. ಪ್ಲಗ್ ಕೂತಿತು ಅಂದ ಮಾತ್ರಕ್ಕೆ ಮಾಡ್ಯೂಲ್ ನಿಮ್ಮ ಕಾರಿಗೆ ಹೊಂದಿತು ಅಂತಲ್ಲ.

ಎಬಿಎಸ್ ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳೋ ವ್ಯವಸ್ಥೆ, ಮಾಡ್ಯೂಲ್ ಅದರ ಕಂಟ್ರೋಲ್ ಡಬ್ಬಿ. ಆ ಕಪ್ಪು ಡಬ್ಬಿಯೊಳಗೆ ಒಂದೊಂದು ಕಾರಿನ ಲೆಕ್ಕ ಬೇರೆ ಬೇರೆ ಇರುತ್ತೆ. ಟೈರ್ ಸೈಜ್ ಎಷ್ಟು, ಚಕ್ರದ ಸೆನ್ಸರ್ ರಿಂಗಿಗೆ ಎಷ್ಟು ಹಲ್ಲು, ಇಎಸ್‌ಪಿ (ಕಾರು ಜಾರದಂತೆ ಹಿಡಿಯೋ ವ್ಯವಸ್ಥೆ) ಇದೆಯೋ ಇಲ್ಲವೋ, ಎಷ್ಟೋ ಕಾರುಗಳಲ್ಲಿ ಚಾಸಿ ನಂಬರ್ ಕೂಡ. ಹಲ್ಲು ಎಣಿಸಿಯೇ ಅದು ಚಕ್ರದ ವೇಗ ತಿಳಿಯೋದು. ಬ್ರೇಕ್ ಒತ್ತಿದಾಗ ಒಂದು ಚಕ್ರ ಉಳಿದವಕ್ಕಿಂತ ದಿಢೀರ್ ನಿಧಾನವಾದರೆ ಲಾಕ್ ಆಗ್ತಿದೆ ಅಂತ ತಿಳಿದು ಅದರ ಒತ್ತಡ ಇಳಿಸುತ್ತೆ, ಮತ್ತೆ ಏರಿಸುತ್ತೆ, ಸೆಕೆಂಡಿಗೆ ಹಲವು ಸಲ. ಲೆಕ್ಕವೇ ತಪ್ಪಿದ್ದರೆ? ಎಷ್ಟೋ ಸಲ ಲೈಟ್ ಆರೋದೇ ಇಲ್ಲ. ಇಲ್ಲವೇ ಬೇಡದ ಹೊತ್ತಲ್ಲಿ ಬ್ರೇಕ್ ಸಡಿಲ ಬಿಡುತ್ತೆ, ಅದು ಇನ್ನೂ ಅಪಾಯ. ಕೆಲವು ಕಾರುಗಳಲ್ಲಿ ಸ್ಪೀಡೋಮೀಟರಿಗೂ ಇಲ್ಲಿಂದಲೇ ಮಾಹಿತಿ ಹೋಗೋದರಿಂದ ಮುಳ್ಳು ಮೇಲೇಳೋದೇ ಇಲ್ಲ. ಹಾಗಾಗಿ ಪಾರ್ಟ್ ನಂಬರಿನ ಕೊನೆಯ ಅಕ್ಷರದವರೆಗೂ ಹೊಂದಬೇಕು, ಆಮೇಲೆ ಸ್ಕ್ಯಾನರಿನಲ್ಲಿ (ಕಾರಿನ ಕಂಪ್ಯೂಟರಿಗೆ ಜೋಡಿಸೋ ಯಂತ್ರ) ಕೋಡಿಂಗ್, ಅಂದರೆ ನಿಮ್ಮ ಕಾರಿನ ಲೆಕ್ಕ ತುಂಬಿಸೋ ಕೆಲಸ ಆಗಬೇಕು. ಹಳೇ ಮಾಡ್ಯೂಲಿಗೆ ಮತ್ತೆ ಕೋಡಿಂಗ್ ಆಗದ ಕಾರುಗಳೂ ಇವೆ. ದುಡ್ಡು ಕೊಡೋ ಮುಂಚೆ ಇದನ್ನ ಕೇಳಿ.

ಅದಕ್ಕೂ ಮೊದಲು, ಮಾಡ್ಯೂಲ್ ನಿಜಕ್ಕೂ ಹೋಗಿದೆಯಾ? ಭದ್ರಾ ನಾಲೆ ಕಡೆ ಗದ್ದೆ ದಾರಿಯಲ್ಲಿ ಓಡಾಡೋ ಕಾರಿನ ಚಕ್ರದೊಳಗೆ ಕೆಸರು ಮೆತ್ತಿ ಒಣಗಿರುತ್ತೆ. ಸೆನ್ಸರ್ ವೈರು ತುಂಡಾಗಿರುತ್ತೆ, ಇಲ್ಲಾ ಇಲಿ ಕಡಿದಿರುತ್ತೆ. ಸ್ಕ್ಯಾನರಿನಲ್ಲಿ ಫಾಲ್ಟ್ ಕೋಡ್ ನೋಡಿಸಿದರೆ ಎಷ್ಟೋ ಸಲ ಯಾವ ಚಕ್ರ ಅಂತಲೇ ಗೊತ್ತಾಗುತ್ತೆ.

ಕೂರಿಸೋ ಕೆಲಸ ಚಿಕ್ಕದು. ಬ್ಯಾಟರಿ ಮೈನಸ್ ತೆಗೆದು, ಕನೆಕ್ಟರಿನ ಲಿವರ್ ಎತ್ತಿ ಬಿಡಿಸಬೇಕು. ಬರೀ ಎಲೆಕ್ಟ್ರಾನಿಕ್ ಭಾಗ ಬಿಚ್ಚಬಹುದಾದ ಕಾರಾದರೆ ಬ್ರೇಕ್ ಪೈಪ್ ಮುಟ್ಟೋದೇ ಬೇಡ, ಬ್ಲೀಡಿಂಗೂ (ಬ್ರೇಕ್ ಆಯಿಲಿನಿಂದ ಗಾಳಿ ತೆಗೆಯೋದು) ಬೇಡ. ಪೂರ್ತಿ ಯೂನಿಟ್ ಬದಲಾಯಿಸಿದರೆ ಮಾತ್ರ ವಾಲ್ವ್‌ಗಳೊಳಗೆ ಗಾಳಿ ಉಳಿಯುತ್ತೆ. ಪೆಡಲ್ ತುಳಿದು ಮಾಡೋ ಮಾಮೂಲಿ ಬ್ಲೀಡಿಂಗಿಗೆ ಅದು ಪೂರ್ತಿ ಹೊರಗೆ ಬರೋದು ಕಷ್ಟ, ಸ್ಕ್ಯಾನರಿನಿಂದ ಪಂಪ್ ಓಡಿಸಿ ಬ್ಲೀಡ್ ಮಾಡಿಸಿ. ಇಎಸ್‌ಪಿ ಇದ್ದರೆ ಸ್ಟೀರಿಂಗ್ ಆಂಗಲ್ ಸೆನ್ಸರ್ ಕೂಡ ಸೆಟ್ ಮಾಡಿಸಬೇಕಾಗಬಹುದು.

ಅಲ್ಲಿವರೆಗೂ ಕಾರು ಓಡಿಸಬಹುದಾ ಅಂತ ನೀವು ಕೇಳಲಿಲ್ಲ, ಆದರೂ ಹೇಳ್ತೀನಿ. ಹಳದಿ ಎಬಿಎಸ್ ಲೈಟ್ ಒಂದೇ ಇದ್ದರೆ ಮಾಮೂಲಿ ಬ್ರೇಕ್ ಸಾಮಾನ್ಯವಾಗಿ ಇರುತ್ತೆ, ನಿಧಾನವಾಗಿ ಗ್ಯಾರೇಜಿಗೆ ಹೋಗಿ. ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೂ ಕೆಂಪು ಬ್ರೇಕ್ ಲೈಟ್ ಜೊತೆಗೇ ಉರೀತಿದ್ದರೆ ಬ್ರೇಕ್ ಆಯಿಲ್ ಇಳಿದಿರಬಹುದು, ಇಲ್ಲಾ ಹಿಂದಿನ ಚಕ್ರಗಳ ಒತ್ತಡ ನೋಡಿಕೊಳ್ಳೋ ಇಬಿಡಿ ಕೂಡ ಹೋಗಿರಬಹುದು. ಆಗ ಜೋರಾಗಿ ಬ್ರೇಕ್ ಹಾಕಿದರೆ ಕಾರಿನ ಹಿಂಭಾಗ ತಿರುಗಬಹುದು. ಆ ಸ್ಥಿತಿಯಲ್ಲಿ ಚಿತ್ರದುರ್ಗದ ಕಡೆ ಹೈವೇ ಹತ್ತಬೇಡಿ, ಗಾಡಿ ಎಳೆಸಿಕೊಂಡು ಹೋಗಿ.