ತ್ರಿಕೋನ ಪ್ರೇಮ ಅಂದರೆ ಮೂವರು ಅಷ್ಟೇನಾ?

ರಜೆಗೆ ಅಕ್ಕನ ಮಗಳು ಬಾಗಲಕೋಟೆಯ ನವನಗರದ ನಮ್ಮ ಮನೆಗೆ ಬಂದಿದ್ದಳು. ಆಗಷ್ಟೇ ಪಿಯುಸಿ ಮೊದಲ ವರ್ಷ ಮುಗಿಸಿದ್ದಳು. ಕೈಯಲ್ಲಿ ‘ಟ್ವೈಲೈಟ್’ ಸರಣಿಯ ಮೂರನೇ ಪುಸ್ತಕ. ಊಟಕ್ಕೆ ಕೂತಾಗಲೂ ಅದನ್ನು ಕೆಳಗಿಡಲಿಲ್ಲ. “ಚಿಗವ್ವ, ಒಬ್ಬಾಕಿ, ಇಬ್ಬರು ಹುಡುಗ್ರು. ಇಂಥಾ ಕಥಿಗೆ ಕನ್ನಡದಾಗ ಏನಂತಾರ?” ಎಂದು ಕೇಳಿದಳು.

ತ್ರಿಕೋನ ಪ್ರೇಮ ಎಂದೆ. ಸಿನಿಮಾ ವಿಮರ್ಶೆಗಳಲ್ಲಿ ನಾವೆಲ್ಲ ಓದಿರುವ ಪದ. ಆದರೆ ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಶಾಲೆಯ ಗಣಿತದಲ್ಲಿ ಇದೇ ಆಕಾರವನ್ನು ತ್ರಿಭುಜ ಅಂತಾರೆ. ಭುಜ ಅಂದರೆ ಬದಿ, ಕೋನ ಅಂದರೆ ಮೂಲೆ. ಕಥೆಗೆ ಬಂದಾಗ ನಾವು ಮೂಲೆಯ ಪದವನ್ನು ಹಿಡಿದುಕೊಂಡೆವು. ಮೂಲೆಗೊಬ್ಬರಂತೆ ಮೂವರನ್ನು ಎಣಿಸಿ ಸುಮ್ಮನಾದೆವು. ಕಥೆಯ ಜೀವ ಇರುವುದು ಮಾತ್ರ ಬದಿಗಳಲ್ಲಿ. ಹುಡುಗಿಗೂ ಒಬ್ಬನಿಗೂ ಒಂದು ಗೆರೆ, ಅವಳಿಗೂ ಇನ್ನೊಬ್ಬನಿಗೂ ಒಂದು ಗೆರೆ. ಇಷ್ಟೇ ಇದ್ದರೆ ಅದು ಕವಲುದಾರಿ. ಹುಡುಗರಿಬ್ಬರ ನಡುವೆಯೂ ಒಂದು ಗೆರೆ ಬಿದ್ದಾಗಲೇ ತ್ರಿಕೋನ ಮುಚ್ಚಿಕೊಳ್ಳುವುದು. ಅದು ಹಗೆ ಇರಬಹುದು, ಗೆಳೆತನ ಇರಬಹುದು, ಅಜ್ಜನ ಕಾಲದ ಲೆಕ್ಕವೂ ಇರಬಹುದು.

ಟ್ವೈಲೈಟ್‌ನಲ್ಲಿ ಇರುವುದು ಅಜ್ಜನ ಕಾಲದ ಲೆಕ್ಕ. ಸ್ಟೆಫನಿ ಮೇಯರ್ ಬರೆದ ಈ ಸರಣಿಯ ಮೊದಲ ಪುಸ್ತಕ 2005ರಲ್ಲಿ ಬಂತು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಫೋರ್ಕ್ಸ್ ಅಂತ ಒಂದು ಊರು, ಸದಾ ಮಳೆ. ಅಲ್ಲಿಗೆ ಬರುವ ಬೆಲ್ಲಾಗೆ 17 ವರ್ಷ. ಎಡ್ವರ್ಡ್‌ಗೂ 17, ಆದರೆ 1918ರಿಂದಲೂ 17. ಆ ವರ್ಷದ ಇನ್‌ಫ್ಲುಯೆಂಜಾದಲ್ಲಿ ಸಾಯುತ್ತಿದ್ದವನನ್ನು ಒಬ್ಬ ವೈದ್ಯ ರಕ್ತಪಿಶಾಚಿಯಾಗಿಸಿ ಉಳಿಸಿಕೊಂಡ. ಜೇಕಬ್ ಅಲ್ಲಿಯ ಮೂಲನಿವಾಸಿ ಕ್ವಿಲಿಯೂಟ್ ಬುಡಕಟ್ಟಿನ ಹುಡುಗ. ಮುಂದೆ ಅವನಿಗೆ ತೋಳವಾಗುವ ಶಕ್ತಿ ಬರುತ್ತದೆ. ಜೇಕಬ್‌ನ ಮುತ್ತಜ್ಜ, ರಕ್ತಪಿಶಾಚಿಗಳೇ ಆದ ಎಡ್ವರ್ಡ್‌ನ ಮನೆಯವರ ಜೊತೆ ಒಂದು ಒಪ್ಪಂದ ಮಾಡಿಕೊಂಡಿದ್ದ. ನಮ್ಮ ನೆಲಕ್ಕೆ ಕಾಲಿಡಬೇಡಿ, ಮನುಷ್ಯರನ್ನು ಕಚ್ಚಬೇಡಿ.

ಈಗ ನೋಡಿ. ಬೆಲ್ಲಾಗೆ ಎಡ್ವರ್ಡ್‌ನಂತೆಯೇ ಆಗಬೇಕು. ಅದಕ್ಕೆ ಅವರಲ್ಲಿ ಯಾರಾದರೂ ಅವಳನ್ನು ಕಚ್ಚಬೇಕು. ಕಚ್ಚಿದರೆ ಒಪ್ಪಂದ ಮುರಿಯಿತು. ಅವಳ ಮನಸ್ಸಿನ ಮಾತು ಎರಡು ಕುಲಗಳ ಜಗಳವೇ ಆಗಿಬಿಡುತ್ತದೆ. ಮೂರನೇ ಗೆರೆ ಅಂದೆನಲ್ಲ, ಅದು ಇದು.

ಮೊದಲ ಪುಸ್ತಕದಲ್ಲಿ ತ್ರಿಕೋನ ಇಲ್ಲವೇ ಇಲ್ಲ ಅನ್ನಬಹುದು. ಜೇಕಬ್ ಅಲ್ಲೊಮ್ಮೆ ಇಲ್ಲೊಮ್ಮೆ ಬಂದು ಹೋಗುತ್ತಾನೆ. 2006ರ ಎರಡನೆಯದರಲ್ಲಿ ಎಡ್ವರ್ಡ್ ಬಿಟ್ಟು ಹೋದಾಗ ಆ ಖಾಲಿ ಜಾಗಕ್ಕೆ ಜೇಕಬ್ ಬರುತ್ತಾನೆ. 2007ರ ಮೂರನೆಯದರಲ್ಲಿ ಅದು ಪೂರ್ತಿ ಬಿಗಿಯಾಗುತ್ತದೆ.

ಹೆಣ್ಣೊಬ್ಬಳು, ಗಂಡಸರಿಬ್ಬರು ಇದ್ದ ಕೂಡಲೇ ಎಲ್ಲವೂ ತ್ರಿಕೋನ ಪ್ರೇಮ ಅಲ್ಲ. ಬೆಳಗಾವಿ ಕಡೆಯ ಜನಪದ ನಾಟಕ ‘ಸಂಗ್ಯಾ ಬಾಳ್ಯಾ’ ಸಣ್ಣಾಟ ನೋಡಿದವರಿಗೆ ಇದು ಗೊತ್ತು. ಸಂಗ್ಯಾ ಇದ್ದಾನೆ, ಗಂಗಾ ಇದ್ದಾಳೆ, ಅವಳ ಗಂಡ ಇದ್ದಾನೆ. ಆದರೆ ಅವಳ ಮದುವೆ ಆಗಿಹೋಗಿದೆ, ಆಯ್ಕೆಯ ಬಾಗಿಲು ಮುಚ್ಚಿದೆ. ಅದಕ್ಕೇ ಆ ಕಥೆ ಕೊಲೆಯ ಕಡೆ ಸಾಗುತ್ತದೆ. ತ್ರಿಕೋನ ಪ್ರೇಮಕ್ಕೆ ಬಾಗಿಲು ತೆರೆದಿರಬೇಕು. ಇಬ್ಬರಲ್ಲಿ ಯಾರನ್ನಾದರೂ ಆರಿಸಿಕೊಳ್ಳಬಹುದು ಎಂದು ಓದುವವರಿಗೂ ಅನ್ನಿಸಬೇಕು.

ಇನ್ನು ಪಿಶಾಚಿ, ತೋಳ ಯಾಕೆ ಬೇಕು? ನನ್ನ ಪ್ರಕಾರ ಇದೇ ಮುಖ್ಯ ಪ್ರಶ್ನೆ. ಉತ್ತರಕ್ಕೆ ದಮಯಂತಿಯ ಸ್ವಯಂವರ ನೆನಪಿಸಿಕೊಳ್ಳಿ. ಕನಕದಾಸರು ‘ನಳಚರಿತ್ರೆ’ಯಲ್ಲಿ ಹೇಳಿರುವ ಕಥೆಯೇ. ಇಂದ್ರ, ಅಗ್ನಿ, ವರುಣ, ಯಮ ನಾಲ್ವರೂ ನಳನ ರೂಪದಲ್ಲಿ ಬಂದು ಕೂತರು. ಅವಳು ನಿಜವಾದ ನಳನನ್ನು ಗುರುತಿಸಿದ್ದು ಹೇಗೆ? ಮಹಾಭಾರತದ ಕಥೆಯಲ್ಲಿ ದೇವತೆಗಳು ಬೆವರುವುದಿಲ್ಲ, ಕಣ್ಣು ಮಿಟುಕಿಸುವುದಿಲ್ಲ, ಅವರ ಮಾಲೆ ಬಾಡುವುದಿಲ್ಲ, ಕಾಲು ನೆಲಕ್ಕೆ ತಾಗುವುದಿಲ್ಲ. ನಳ ಮಾತ್ರ ಬೆವರಿದ್ದ, ಅವನ ಮಾಲೆ ಬಾಡಿತ್ತು. ಅವಳು ಬಾಡಿದ ಮಾಲೆಯವನನ್ನೇ ಆರಿಸಿಕೊಂಡಳು. ಸಾವಿರುವ ಬದುಕನ್ನು ಆರಿಸಿಕೊಂಡಳು.

ಬೆಲ್ಲಾ ಎದುರು ದಿಕ್ಕಿಗೆ ನಡೆಯುತ್ತಾಳೆ. 18 ತುಂಬಿದ ದಿನ, ಎಡ್ವರ್ಡ್‌ಗಿಂತ ದೊಡ್ಡವಳಾಗಿಬಿಟ್ಟೆನಲ್ಲ ಎಂದು ಅವಳಿಗೆ ಸಂಕಟ. ಎಡ್ವರ್ಡ್‌ನ ಮೈ ತಣ್ಣಗೆ, ಅವನಿಗೆ ನಿದ್ದೆ ಇಲ್ಲ, ಮುಪ್ಪಿಲ್ಲ. ಜೇಕಬ್‌ನ ಮೈ ಬಿಸಿ. ಅವನ ಜೊತೆ ಅಪ್ಪ ಅಮ್ಮ, ಊರು, ಮುಂದಿನ ಹುಟ್ಟುಹಬ್ಬಗಳು ಎಲ್ಲ ಉಳಿಯುತ್ತವೆ. ‘ಟೀಮ್ ಎಡ್ವರ್ಡ್’, ‘ಟೀಮ್ ಜೇಕಬ್’ ಎಂದು ಟೀ ಶರ್ಟ್ ಹಾಕಿಕೊಂಡು ಓದುಗರು ಪಕ್ಷ ಕಟ್ಟಿದ್ದು ಯಾವ ಹುಡುಗ ಚೆಂದ ಅನ್ನುವ ಲೆಕ್ಕದಲ್ಲಿ. ಅವಳ ಮುಂದೆ ಇದ್ದದ್ದು ಎರಡು ಬದುಕು. ಮನುಷ್ಯರಿಬ್ಬರ ನಡುವೆ ಆರಿಸುವಾಗ ಈ ಮಾತು ಮರೆಯಲ್ಲಿ ಇರುತ್ತದೆ. ಒಬ್ಬ ರಕ್ತಪಿಶಾಚಿ ಆದ ಕೂಡಲೇ ಬಯಲಿಗೆ ಬರುತ್ತದೆ.

ಒಂದು ಮಾತು ಹೇಳದೆ ಬಿಡಲಾರೆ. ಎಡ್ವರ್ಡ್ ಅವಳಿಗೆ ಗೊತ್ತಿಲ್ಲದೆ ರಾತ್ರಿ ಕೋಣೆಗೆ ಬಂದು ಅವಳು ಮಲಗಿರುವುದನ್ನು ನೋಡುತ್ತಾನೆ. ಜೇಕಬ್ ಅವಳು ಒಪ್ಪದೆಯೇ ಮುತ್ತಿಡುತ್ತಾನೆ. ಅವನಿಗೆ ಗುದ್ದಿ ಅವಳ ಕೈಗೇ ಪೆಟ್ಟಾಗುತ್ತದೆ. ಇದು ಪ್ರೀತಿಯ ಲಕ್ಷಣ ಅಲ್ಲ. ನಮ್ಮ ಹುಡುಗಿಗೂ ಇದನ್ನು ಬಿಡಿಸಿ ಹೇಳಿದೆ. ಅವಳು ಜೇಕಬ್‌ನ ಪಕ್ಷ. ಸ್ವಲ್ಪ ಹೊತ್ತು ಸುಮ್ಮನೆ ಕೂತಳು.

ಅಷ್ಟೂ ಹೊತ್ತು ಅವ್ವ ಕೇಳಿಸಿಕೊಳ್ಳುತ್ತಿದ್ದಳು. ಹಳೇ ಬಾಗಲಕೋಟೆಯಲ್ಲಿದ್ದ ಅವಳ ಮನೆ ಆಲಮಟ್ಟಿ ಹಿನ್ನೀರಿನ ಮುಳುಗಡೆಗೆ ಹೋಗಿದೆ. “ಬ್ಯಾರೇ ಊರಿಗೆ ಹೋದ್ರ ಹೊಳ್ಳಿ ಬರಬಹುದವ್ವ. ನಾ ಹೊಳ್ಳಿ ಹೋಗ್ತೀನಿ ಅಂದ್ರ ಎಲ್ಲಿಗೆ ಹೋಗ್ಲಿ? ನೀರಿಗೆ? ಆ ಹುಡುಗಿಗೆ ಇದನ್ನ ಯಾರರೆ ಹೇಳ್ಯಾರೇನು?”

“ಹೇಳ್ಯಾರ, ಆಯಿ. ಎಡ್ವರ್ಡನ ಹೇಳ್ತಾನ. ನನ್ನಂಗ ಆಗಬ್ಯಾಡ ಅಂತಾನ.”

ಅವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

“ಹಂಗಾರ ಆ ಹುಡುಗಗ ಆಕಿ ಮ್ಯಾಲೆ ಖರೇ ಜೀವ ಐತಿ,” ಎಂದಳು.